ಹೊಲದ ಕೆಲಸದವರಿಗೆ ಸುರಕ್ಷತೆಯ ನಿಯಮ ಬರೆಯುವುದು ಹೇಗೆ?

ಒಬ್ಬರೇ ಕೂತು ನಿಯಮ ಬರೆಯಬೇಡಿ. ಕೆಲಸದವರ ಜೊತೆ ಹೊಲದಲ್ಲಿ ಒಂದು ಸುತ್ತು ಹಾಕಿ. ಎಲ್ಲೆಲ್ಲಿ ಭಯ ಆಗುತ್ತದೆ ಅಂತ ಅವರನ್ನೇ ಕೇಳಿ. ನಾನು ಶುರು ಮಾಡುವುದೇ ಹಾಗೆ.

ನನ್ನ ಪಟ್ಟಿಯಲ್ಲಿ ಮೊದಲು ಟ್ರ್ಯಾಕ್ಟರಿನ ಪಿಟಿಒ ಶಾಫ್ಟ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಜೋಡಿಸಿದ ಯಂತ್ರಕ್ಕೆ ಕೊಡುವ ತಿರುಗುವ ದಂಡ. ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಸಡಿಲ ಅಂಗಿಯ ತುದಿಯೋ ಬಿಟ್ಟ ಕೂದಲೋ ಸಿಕ್ಕಿದರೆ ಸಾಕು, ಕಿರುಚುವಷ್ಟೂ ಹೊತ್ತು ಸಿಗುವುದಿಲ್ಲ. ಆದ್ದರಿಂದ ಖಡಾಖಂಡಿತವಾಗಿ ಬರೆಯಿರಿ: ಶಾಫ್ಟಿಗೆ ಕವರ್ ಇಲ್ಲದಿದ್ದರೆ ಕೆಲಸ ಇಲ್ಲ. ಏನಾದರೂ ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿ, ಶಾಫ್ಟ್ ಪೂರ್ತಿ ನಿಂತ ಮೇಲೇ ಕೈ ಹಾಕಬೇಕು.

ಔಷಧಿ ಹೊಡೆಯುವಾಗಿನ ಅಪಾಯ ಎಲ್ಲರಿಗೂ ಗೊತ್ತು. ಆದರೆ ನೀರಿಗೆ ಬೆರೆಸುವಾಗ ಔಷಧಿ ಇನ್ನೂ ತೀಕ್ಷ್ಣವಾಗಿ ಇರುತ್ತದೆ, ಅಲ್ವಾ? ಕೈಗವಸು, ಕನ್ನಡಕ ಆಗಲೇ ಬೇಕು. ಅದನ್ನು ಮಾಲೀಕರೇ ಕೊಡಿಸಬೇಕು. ಹೊಡೆದ ಜಾಗಕ್ಕೆ ಮತ್ತೆ ಯಾವಾಗ ಹೋಗಬಹುದು ಅಂತ ಲೇಬಲ್ ನೋಡಿ ಬೋರ್ಡ್ ಹಾಕಿ.

ಬಿಸಿಲಿಗೆ ನೀರು, ನೆರಳು, ವಿರಾಮ.

ಅಪಾಯ ಕಂಡರೆ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು, ಕೂಲಿ ಹಿಡಿಯುವುದಿಲ್ಲ ಅಂತ ಸೇರಿಸಿ. ಈ ಸಾಲು ಇಲ್ಲದಿದ್ದರೆ ಉಳಿದದ್ದು ಸುಮ್ನೆ ಕಾಗದ. ಹೊಸಬರು ಬಂದ ದಿನವೇ ಎಲ್ಲವನ್ನೂ ಓದಿ ಹೇಳಿ, ಯಂತ್ರದ ಹತ್ತಿರ ನಿಂತು ಮಾಡಿ ತೋರಿಸಿ.