ಯಂತ್ರ ಮೇಳಕ್ಕೆ ಹೋಗುವ ಮೊದಲು ಅರ್ಜಿ ಚೆನ್ನೈಗೆ ಹೋಗಲಿ: ಪೇಟೆಂಟ್ ಪಡೆಯುವುದು ಹೇಗೆ?

ಸಿಂಧನೂರು, ಗಂಗಾವತಿ, ಸಿರುಗುಪ್ಪದ ವೆಲ್ಡಿಂಗ್ ಶಾಪ್‌ಗಳಲ್ಲಿ ಹೊಸ ಯಂತ್ರಗಳಿಗೆ ಬರವಿಲ್ಲ. ಹತ್ತಿ ಕಟ್ಟಿಗೆ ಕೀಳುವ ಸಾಧನ, ಒಣಮೆಣಸಿನಕಾಯಿ ತೊಟ್ಟು ಬಿಡಿಸುವ ಯಂತ್ರ ಹೀಗೆ ಏನಾದರೊಂದು ತಯಾರಾಗುತ್ತಲೇ ಇರುತ್ತದೆ. ತಯಾರಾದ ಕೂಡಲೇ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುತ್ತಾರೆ, ರಾಯಚೂರಿನ ಕೃಷಿ ಮೇಳದಲ್ಲಿ ತಂದು ನಿಲ್ಲಿಸುತ್ತಾರೆ. ಪಕ್ಕದ ತಾಲ್ಲೂಕಿನಲ್ಲಿ ಅದೇ ಯಂತ್ರ ಮಾರಾಟಕ್ಕೆ ಬಂದಾಗ ಪೇಟೆಂಟ್ ನೆನಪಾಗುತ್ತದೆ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ.

1970ರ ಪೇಟೆಂಟ್ ಕಾಯ್ದೆಯ ಪ್ರಕಾರ, ಅರ್ಜಿ ಸಲ್ಲಿಸುವ ಮೊದಲೇ ಪ್ರಕಟವಾದದ್ದು ಹೊಸದಲ್ಲ. ಪ್ರಕಟಿಸಿದವರು ನೀವೇ ಆಗಿದ್ದರೂ ಅಷ್ಟೇ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ 12 ತಿಂಗಳ ವಿನಾಯಿತಿ ಇದೆ. ನಿಮ್ಮ ಮೇಳ ಆ ಪಟ್ಟಿಯಲ್ಲಿದೆ ಎಂದು ನಂಬಿ ಕೂರಬೇಡಿ.

ಮೊದಲು ನೋಡಬೇಕಾದ್ದು

ನಿಮ್ಮ ಆವಿಷ್ಕಾರ ಹೊಸದಾಗಿರಬೇಕು, ಆ ಕಸುಬು ಬಲ್ಲವನಿಗೆ ಸಹಜವಾಗಿ ಹೊಳೆಯುವಂಥದ್ದಾಗಿರಬಾರದು, ಉದ್ಯಮದಲ್ಲಿ ಬಳಕೆಗೆ ಬರಬೇಕು. ಈ ಮೂರೂ ಇದ್ದರೂ ಕಾಯ್ದೆಯ 3ನೇ ಸೆಕ್ಷನ್ ಕೆಲವನ್ನು ಹೊರಗಿಡುತ್ತದೆ. ಬೇಸಾಯದ ವಿಧಾನಕ್ಕೆ ಪೇಟೆಂಟ್ ಇಲ್ಲ, ಯಂತ್ರಕ್ಕೆ ಇದೆ. ಗೊತ್ತಿರುವ ಎರಡು ಸಾಧನಗಳನ್ನು ಪಕ್ಕಪಕ್ಕ ಜೋಡಿಸಿ, ಅವು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದರೆ ಅದೂ ಸಲ್ಲದು. ಹೊಸ ಬೀಜದ ತಳಿಗೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೇರೆಯೇ ಇದೆ. ಬಳ್ಳಾರಿಯ ಜೀನ್ಸ್ ಘಟಕದವರು ಪ್ಯಾಂಟಿನ ಜೇಬಿಗೆ ಹೊಸ ವಿನ್ಯಾಸ ಮಾಡಿದ್ದರೆ ನೋಂದಾಯಿಸಬೇಕಾದ್ದು 2000ದ ಡಿಸೈನ್ ಕಾಯ್ದೆಯಡಿ.

ಆಮೇಲೆ ಹುಡುಕಾಟ: ಇಂಥದ್ದಕ್ಕೆ ಈಗಾಗಲೇ ಪೇಟೆಂಟ್ ಇದೆಯೇ ಎಂದು. ಭಾರತೀಯ ಪೇಟೆಂಟ್ ಕಚೇರಿಯ ಹುಡುಕಾಟ ತಾಣ ಇನ್‌ಪಾಸ್ ಮತ್ತು ಗೂಗಲ್ ಪೇಟೆಂಟ್ಸ್ ಎರಡೂ ಉಚಿತ. ಮೆಣಸಿನಕಾಯಿ ತೊಟ್ಟು ಬಿಡಿಸುವ ಯಂತ್ರಕ್ಕೆ ಬೇರೆ ದೇಶಗಳಲ್ಲೂ ಪೇಟೆಂಟ್‌ಗಳಿವೆ. ಅವುಗಳ ಚಿತ್ರಗಳನ್ನು ಎದುರಿಗಿಟ್ಟುಕೊಂಡು ನಿಮ್ಮ ಯಂತ್ರದಲ್ಲಿ ಏನು ಬೇರೆ ಎಂದು ಒಂದೊಂದೇ ಭಾಗ ಬರೆದುಕೊಳ್ಳಿ. ಮುಂದಿನ ಕೆಲಸಕ್ಕೆಲ್ಲ ಈ ಪಟ್ಟಿಯೇ ಆಧಾರ.

ಬರವಣಿಗೆ

ಯಂತ್ರ ಇನ್ನೂ ಪೂರ್ತಿಯಾಗಿಲ್ಲವೇ? ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ ದಿನಾಂಕ ಹಿಡಿದುಕೊಳ್ಳಿ. ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಕೊಡಬೇಕು, ತಪ್ಪಿದರೆ ಅರ್ಜಿ ಬಿದ್ದುಹೋಗುತ್ತದೆ.

ಪೂರ್ಣ ವಿವರಣೆಯ ಜೀವ ಇರುವುದು ಕ್ಲೇಮ್‌ಗಳಲ್ಲಿ. ಕ್ಲೇಮ್ ಎಂದರೆ ಹೊಲದ ಪತ್ರದಲ್ಲಿನ ಚಕ್ಕುಬಂದಿ ಇದ್ದಂತೆ: ಅದರೊಳಗೆ ಬಂದದ್ದು ಮಾತ್ರ ನಿಮ್ಮದು. 'ಮೆಣಸಿನಕಾಯಿ ತೊಟ್ಟು ಬಿಡಿಸುವ ಯಂತ್ರ' ಎಂದಷ್ಟೇ ಬರೆದರೆ ಪೇಟೆಂಟ್ ಕಚೇರಿಯ ಪರೀಕ್ಷಕರು ಹಳೆಯ ದಾಖಲೆ ತೋರಿಸಿ ತಳ್ಳಿಹಾಕುತ್ತಾರೆ. 'ಮೂರು ಅಡಿ ಉದ್ದದ, ಎಂಟು ಹಲ್ಲಿನ ಸ್ಟೀಲ್ ರೋಲರ್' ಎಂದು ಬಿಗಿಯಾಗಿ ಬರೆದರೆ ನಕಲು ಮಾಡುವವನು ಒಂಬತ್ತು ಹಲ್ಲು ಇಟ್ಟು ಪಾರಾಗುತ್ತಾನೆ. 'ಎದುರುಬದುರು ತಿರುಗುವ ಜೋಡಿ ರೋಲರ್; ಅವುಗಳ ನಡುವಿನ ಸಂದಿಯಲ್ಲಿ ತೊಟ್ಟು ಮಾತ್ರ ಸಿಕ್ಕಿಕೊಳ್ಳುವಂತೆ ಕಾಯಿಯನ್ನು ತಡೆದು ನಿಲ್ಲಿಸುವ ಸ್ಪ್ರಿಂಗ್ ಪಟ್ಟಿ' ಎಂಬ ಮಾದರಿಯಲ್ಲಿ, ಕೆಲಸಕ್ಕೆ ನಿಜವಾಗಿ ಕಾರಣವಾದ ಭಾಗವನ್ನು ಮತ್ತು ಅದು ಉಳಿದ ಭಾಗಕ್ಕೆ ಹೊಂದಿಕೊಂಡಿರುವ ರೀತಿಯನ್ನು ಹೇಳಬೇಕು. ಹಲ್ಲಿನ ಸಂಖ್ಯೆ, ಅಳತೆಗಳು ನಂತರದ ಉಪ ಕ್ಲೇಮ್‌ಗಳಿಗೆ ಇರಲಿ. ಇಷ್ಟು ನಾಜೂಕಿನ ಕೆಲಸವಾದ್ದರಿಂದ ಹಣ ಉಳಿಸುವುದಿದ್ದರೆ ಬೇರೆಲ್ಲಾದರೂ ಉಳಿಸಿ, ಕ್ಲೇಮ್ ಬರೆಸಲು ಮಾತ್ರ ನೋಂದಾಯಿತ ಪೇಟೆಂಟ್ ಏಜೆಂಟರನ್ನೇ ಹಿಡಿಯಿರಿ ಎಂದು ನನ್ನ ಸಲಹೆ.

ದಾಖಲೆಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು ಎನ್ನುತ್ತದೆ ನಿಯಮ. ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲಿ ಯಂತ್ರ ಕಟ್ಟುವವರಿಗೆ ಇದು ದೊಡ್ಡ ಅಡ್ಡಿ, ಬದಲಾಗಲೇಬೇಕಾದ ನಿಯಮ. ಅಲ್ಲಿಯವರೆಗೆ, ಪ್ರತಿ ಭಾಗ ಏನು ಮಾಡುತ್ತದೆ ಎಂಬುದನ್ನು ಮೊದಲು ಕನ್ನಡದಲ್ಲೇ ವಿವರವಾಗಿ ಬರೆದು ಚಿತ್ರದೊಂದಿಗೆ ಏಜೆಂಟರಿಗೆ ಕೊಡಿ. ಅನುವಾದಕ್ಕೆ ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರ ನೆರವು ಪಡೆದರೆ, ಗುಟ್ಟು ಕಾಪಾಡುವುದಾಗಿ ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಸಲ್ಲಿಕೆ, ಶುಲ್ಕ

ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಸೇರುತ್ತವೆ. ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಫಾರಂ 1 ಅರ್ಜಿ, ಫಾರಂ 2 ವಿವರಣೆ. ಜೊತೆಗೆ ಫಾರಂ 3 (ವಿದೇಶಗಳಲ್ಲಿ ಹಾಕಿದ ಅರ್ಜಿಗಳ ವಿವರ) ಮತ್ತು ಫಾರಂ 5 (ಆವಿಷ್ಕಾರಕರು ಯಾರೆಂಬ ಘೋಷಣೆ). ವ್ಯಕ್ತಿಗಳಿಗೆ, ಸ್ಟಾರ್ಟ್‌ಅಪ್‌ಗಳಿಗೆ, ಸಣ್ಣ ಘಟಕಗಳಿಗೆ ಶುಲ್ಕ ₹1,600. ವಿವರಣೆ 30 ಪುಟ, 10 ಕ್ಲೇಮ್ ಮೀರಿದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ.

ಖರ್ಚಿಗೆ ಹೆದರಿ ಹಿಂದೆ ಸರಿಯಬೇಕಿಲ್ಲ. ಓದು ಕಡಿಮೆ ಇರುವ ಗ್ರಾಮೀಣ ಆವಿಷ್ಕಾರಕರ ಪರವಾಗಿ ಗುಜರಾತಿನ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಪೇಟೆಂಟ್ ಅರ್ಜಿ ಸಲ್ಲಿಸುತ್ತದೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ.

ಆಮೇಲೆ

ಅರ್ಜಿ 18 ತಿಂಗಳಿಗೆ ಪ್ರಕಟವಾಗುತ್ತದೆ. ಪರೀಕ್ಷೆ ತಾನಾಗಿ ನಡೆಯುವುದಿಲ್ಲ. ಫಾರಂ 18ರಲ್ಲಿ ನೀವೇ ಕೋರಬೇಕು, ವ್ಯಕ್ತಿಗಳಿಗೆ ₹4,000. ಇದಕ್ಕೆ 2024ರ ತಿದ್ದುಪಡಿಯ ನಂತರ ಇರುವ ಗಡುವು ಮೊದಲ ಅರ್ಜಿಯ ದಿನಾಂಕದಿಂದ 31 ತಿಂಗಳು. ಅನೇಕರು ಮರೆಯುವುದು ಇದನ್ನೇ. ಪರೀಕ್ಷಾ ವರದಿಯಲ್ಲಿ ಆಕ್ಷೇಪಣೆಗಳು ಬಂದೇ ಬರುತ್ತವೆ, ಎದೆಗುಂದಬೇಡಿ. ಆರು ತಿಂಗಳೊಳಗೆ ಉತ್ತರ ಕೊಡಿ.

ಮಂಜೂರಾದ ಪೇಟೆಂಟ್ ಅರ್ಜಿ ದಿನಾಂಕದಿಂದ 20 ವರ್ಷ ಬಾಳುತ್ತದೆ, ಮೂರನೇ ವರ್ಷದಿಂದ ನವೀಕರಣ ಶುಲ್ಕ ಕಟ್ಟುತ್ತಿದ್ದರೆ ಮಾತ್ರ. ಮಂಜೂರಿಗೆ ಮುನ್ನ ಯಂತ್ರದ ಮೇಲೆ 'ಪೇಟೆಂಟ್ ಪಡೆದಿದೆ' ಎಂದು ಬರೆಸಬೇಡಿ, ₹10 ಲಕ್ಷದವರೆಗೆ ದಂಡ ಬೀಳಬಹುದು. 'ಪೇಟೆಂಟ್‌ಗೆ ಅರ್ಜಿ ಸಲ್ಲಿಸಲಾಗಿದೆ' ಎಂದರೆ ತೊಂದರೆಯಿಲ್ಲ. ಯಾರಾದರೂ ನಕಲು ಮಾಡಿದರೆ ಪೊಲೀಸ್ ಠಾಣೆಗೆ ಹೋಗಿ ಪ್ರಯೋಜನವಿಲ್ಲ, ಅದು ಸಿವಿಲ್ ವ್ಯಾಜ್ಯ. ಪೇಟೆಂಟ್ ಮಂಜೂರಾದ ಬಳಿಕವೇ ದಾವೆ ಹೂಡಬೇಕು, ಅದೂ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ಕೋರ್ಟಿನಲ್ಲಿ ಆಗದು. ಆದರೆ ಪರಿಹಾರವನ್ನು ಅರ್ಜಿ ಪ್ರಕಟವಾದ ದಿನದಿಂದಲೇ ಕೇಳಬಹುದು. ಹಾಗಾಗಿ ನಕಲು ಯಂತ್ರ ಕಣ್ಣಿಗೆ ಬಿದ್ದ ದಿನವೇ ಅದರ ಫೋಟೊ, ಬಿಲ್ಲು, ಮಾರಿದವರ ವಿಳಾಸ ಎಲ್ಲವನ್ನೂ ತಾರೀಖಿನ ಸಮೇತ ಎತ್ತಿಟ್ಟುಕೊಳ್ಳಿ.