ಬ್ಯಾಂಕ್ ಕೆಲಸದ ಸಂದರ್ಶನ: ಊರಿಗೆ ದುಡ್ಡು ಯಾವ ತಿಂಗಳು ಬರುತ್ತದೆ, ಗೊತ್ತಾ?

ಶಿರಸಿ ಕಡೆಯ ಹುಡುಗನೊಬ್ಬ ಸಂದರ್ಶನಕ್ಕೆ ಬಂದಿದ್ದ. ಒಳ್ಳೆಯ ಅಂಕಗಳು, ಇಸ್ತ್ರಿ ಹಾಕಿದ ಅಂಗಿ. ರೆಪೊ ದರ, ಅಂದರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡುವ ಬಡ್ಡಿ ದರ, ಎಂದರೇನು ಎಂದು ಕೇಳಿದೆವು, ಹೇಳಿದ. ಎನ್‌ಪಿಎ, ಅಂದರೆ ಕೆಟ್ಟ ಸಾಲದ ಬಗ್ಗೆ ಕೇಳಿದೆವು, ಬಾಯಿಪಾಠ ಒಪ್ಪಿಸಿದ. ಆಮೇಲೆ ನನ್ನ ಪಕ್ಕ ಕೂತಿದ್ದ ಹಿರಿಯರು ಕನ್ನಡಕ ತೆಗೆದಿಟ್ಟು, ‘ನಿಮ್ಮನೆ ಅಡಿಕೆ ಯಾವಾಗ ಮಾರ್ತೀರಿ?’ ಎಂದರು. ಹುಡುಗ ತಬ್ಬಿಬ್ಬು. ‘ಅದೆಲ್ಲ ಅಪ್ಪ ನೋಡ್ತಾರೆ ಸರ್’ ಎಂದ. ಹತ್ತು ನಿಮಿಷ ಚೆನ್ನಾಗಿ ನಡೆದಿದ್ದ ಮಾತು ಅಲ್ಲಿಗೆ ಸಪ್ಪೆಯಾಯಿತು.

ಉತ್ತರ ಕನ್ನಡದಿಂದ ಬ್ಯಾಂಕು, ಸೊಸೈಟಿ, ಫೈನಾನ್ಸ್ ಕೆಲಸಕ್ಕೆ ಹೋಗುವ ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. ಪುಸ್ತಕ ಓದಿರುತ್ತಾರೆ, ಅಂಗಳ ನೋಡಿರುವುದಿಲ್ಲ. ಶಾಖೆಯಲ್ಲಿ ವರ್ಷಗಟ್ಟಲೆ ಕೂತು, ಆಗೊಮ್ಮೆ ಈಗೊಮ್ಮೆ ಆಯ್ಕೆ ಮಾಡುವವರ ಸಾಲಿನಲ್ಲೂ ಕೂತ ಅನುಭವದಿಂದ ಇಷ್ಟು ಹೇಳಬಲ್ಲೆ.

ಮೊದಲು, ಯಾವ ಸಂದರ್ಶನ ಅಂತ ನೋಡಿಕೊಳ್ಳಿ

ಎಲ್ಲವನ್ನೂ ‘ಬ್ಯಾಂಕ್ ಇಂಟರ್‌ವ್ಯೂ’ ಎನ್ನುತ್ತೇವೆ. ಆದರೆ ಒಂದೊಂದರ ರೀತಿ ಬೇರೆ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಮೂಲಕ ಸರ್ಕಾರಿ ಬ್ಯಾಂಕಿನ ಕ್ಲರ್ಕ್ ಆಗುವವರಿಗೆ ಸಂದರ್ಶನವೇ ಇಲ್ಲ. ಕನ್ನಡ ಓದಿ ಬರೆದು ಮಾತಾಡಲು ಬರುತ್ತದಾ ಎನ್ನುವ ಪರೀಕ್ಷೆ ಇರುತ್ತದೆ, ನಮ್ಮವರಿಗೆ ಅದು ದೊಡ್ಡದಲ್ಲ. ಪ್ರೊಬೇಷನರಿ ಆಫೀಸರ್ ಹುದ್ದೆಗೆ ಮಾತ್ರ 100 ಅಂಕದ ಸಂದರ್ಶನ. ಕನಿಷ್ಠ ಶೇ 40, ಪರಿಶಿಷ್ಟ ಜಾತಿ, ಪಂಗಡ, ಒಬಿಸಿ ಮತ್ತು ಅಂಗವಿಕಲರಿಗೆ ಶೇ 35 ಬೇಕು. ಕೊನೆಗೆ ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20 ಎಂದು ತೂಗುತ್ತಾರೆ. ಗ್ರಾಮೀಣ ಬ್ಯಾಂಕಿನ ಅಧಿಕಾರಿ ಹುದ್ದೆಗೂ ಸಂದರ್ಶನ ಉಂಟು. ಅಂದ ಹಾಗೆ, ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕ್ ಈಗ ಆ ಹೆಸರಲ್ಲಿ ಇಲ್ಲ. 2025ರ ಮೇ 1ರಿಂದ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕ್, ಮುಖ್ಯ ಕಚೇರಿ ಬಳ್ಳಾರಿ. ಹಳೇ ಹೆಸರು ಹೇಳಿ ಮುಜುಗರಕ್ಕೆ ಒಳಗಾಗಬೇಡಿ.

ಖಾಸಗಿ ಬ್ಯಾಂಕು, ಫೈನಾನ್ಸ್ ಕಂಪನಿಗಳಲ್ಲಿ ಮೊದಲು ಫೋನ್ ಬರುತ್ತದೆ, ಆಮೇಲೆ ಮ್ಯಾನೇಜರ್ ಭೇಟಿ. ಮೈಕ್ರೋಫೈನಾನ್ಸ್ ಆದರೆ ಬೈಕ್ ಮತ್ತು ಲೈಸೆನ್ಸ್ ಇದೆಯಾ ಎನ್ನುವುದೇ ಮೊದಲ ಪ್ರಶ್ನೆ. ಒಂದು ದಿನ ಜೊತೆಗೆ ಹಳ್ಳಿ ಸುತ್ತಲು ಕರೆಯುವುದೂ ಉಂಟು. ಕರೆದರೆ ಹೋಗಿ. ಬೆಳಿಗ್ಗೆ ಏಳಕ್ಕೆ ಯಾರದೋ ಜಗಲಿಯಲ್ಲಿ ಹತ್ತು ಹೆಂಗಸರ ನಡುವೆ ಕೂತು ಕಂತು ಎಣಿಸುವುದು ನಿಮಗೆ ಆಗುತ್ತದಾ ಇಲ್ಲವಾ, ಅಲ್ಲೇ ಗೊತ್ತಾಗುತ್ತದೆ.

ಹಿಂದಿನ ದಿನವೇ ಹೊರಡಿ

ಸಂದರ್ಶನ ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಇದ್ದರೆ ಬೆಳಗಿನ ಬಸ್ ನಂಬಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ. ಅರಬೈಲ್ ಘಟ್ಟದಲ್ಲಿ ಒಂದು ಲಾರಿ ಅಡ್ಡ ನಿಂತರೆ ಸಾಕು. 2024ರ ಜುಲೈನಲ್ಲಿ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿದ್ದು ನೆನಪಿದೆಯಲ್ವಾ? ವಿಡಿಯೊ ಸಂದರ್ಶನ ಆದರೆ ಊರಿನ ಬೆಟ್ಟ ಹತ್ತಿ ಸಿಗ್ನಲ್ ಹುಡುಕುವ ಬದಲು ಪೇಟೆಯ ನೆಂಟರ ಮನೆಯಲ್ಲಿ ಒಂದು ಕೋಣೆ ಕೇಳಿ.

ಮೂಲ ಅಂಕಪಟ್ಟಿ, ಜೆರಾಕ್ಸ್ ಪ್ರತಿ, ಆಧಾರ್, ಪ್ಯಾನ್ ಜೋಡಿಸಿಡಿ. ಎಲ್ಲದರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಆಧಾರ್‌ನಲ್ಲಿ ಪೂರ್ತಿ ಹೆಸರು, ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇರುವುದು ನಮ್ಮಲ್ಲಿ ಸಾಮಾನ್ಯ.

ಇನ್ನೊಂದು ಕಾಗದವನ್ನು ಯಾರೂ ನೋಡಿಕೊಳ್ಳುವುದಿಲ್ಲ. ನಿಮ್ಮದೇ ಸಾಲದ ವರದಿ. ಬ್ಯಾಂಕುಗಳು ಕೆಲಸ ಕೊಡುವ ಮುಂಚೆ ಇದನ್ನೂ ನೋಡುತ್ತವೆ. ಕಾಲೇಜಿನಲ್ಲಿದ್ದಾಗ ಮೊಬೈಲ್‌ಗೆ ಕಂತು ಹಾಕಿ ಎರಡು ತಿಂಗಳು ಮರೆತಿದ್ದರೂ ಅಲ್ಲಿ ಕೂತಿರುತ್ತದೆ. ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್ ಥರದ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ತೆಗೆಸಿ ನೋಡಿ, ಬಾಕಿ ಇದ್ದರೆ ತೀರಿಸಿ.

ಒಳಗೆ ಕೂತ ಮೇಲೆ

‘ನಿಮ್ಮ ಬಗ್ಗೆ ಹೇಳಿ’ ಎಂಬ ಮೊದಲ ಪ್ರಶ್ನೆಗೆ ಒಂದೂವರೆ ನಿಮಿಷ ಸಾಕು. ಆಮೇಲಿನದು ಮುಖ್ಯ.

ಶಬ್ದದ ಅರ್ಥ ಕೇಳಿದಂತೆ ಮಾಡಿ ನಿಮ್ಮ ತಿಳಿವಳಿಕೆ ಅಳೆಯುತ್ತಾರೆ. ಉದಾಹರಣೆಗೆ ಎನ್‌ಪಿಎ. 90 ದಿನ ಕಂತು ಅಥವಾ ಬಡ್ಡಿ ಬಾಕಿ ಬಿದ್ದರೆ ಸಾಲ ಕೆಟ್ಟಂತೆ, ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಬೆಳೆ ಸಾಲಕ್ಕೆ 90 ದಿನದ ಲೆಕ್ಕ ಇಲ್ಲ, ಅಲ್ಲಿ ಎಣಿಸುವುದು ಬೆಳೆ ಹಂಗಾಮನ್ನು. ಇಷ್ಟು ಸೇರಿಸಿದರೆ ಎದುರು ಕೂತವರು ತಲೆ ಎತ್ತುತ್ತಾರೆ. ಠೇವಣಿಗೆ ವಿಮೆ ಎಷ್ಟು? ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ, 2020ರ ಫೆಬ್ರುವರಿಯಿಂದ. ಅದಕ್ಕೆ ಮುಂಚೆ 1 ಲಕ್ಷ ಇತ್ತು.

ಬಡ್ಡಿ ಲೆಕ್ಕವನ್ನು ಮನೆಯಲ್ಲೇ ಒಮ್ಮೆ ಕೈಯಲ್ಲಿ ಮಾಡಿ ನೋಡಿ. 1 ಲಕ್ಷ ಸಾಲ, ಶೇ 12, ಒಂದು ವರ್ಷ, ತಿಂಗಳ ಕಂತು. ಕೊನೆವರೆಗೂ ಪೂರ್ತಿ ಸಾಲದ ಮೇಲೇ ಬಡ್ಡಿ ಹಾಕುವ ಫ್ಲಾಟ್ ದರದಲ್ಲಿ ಬಡ್ಡಿ 12,000, ಕಂತು 9,333. ಅದೇ ಶೇ 12 ಇಳಿಯುವ ಬಾಕಿಯ ಮೇಲೆ ಹಾಕಿದರೆ ಕಂತು 8,885, ವರ್ಷದ ಬಡ್ಡಿ ಸುಮಾರು 6,600 ಮಾತ್ರ. ಅಂದರೆ ಫ್ಲಾಟ್ ಶೇ 12 ಎನ್ನುವುದು ನಿಜದಲ್ಲಿ ಶೇ 21ಕ್ಕೂ ಜಾಸ್ತಿ. ‘ಗಿರಾಕಿಗೆ ಇದನ್ನು ಹೇಗೆ ಹೇಳ್ತೀರಿ?’ ಎಂದು ಕೇಳಿದರೆ ಚೀಟಿಯಲ್ಲಿ ಎರಡೂ ಲೆಕ್ಕ ಬರೆದು ತೋರಿಸುತ್ತೇನೆ ಎನ್ನಿ. ಮಾರಾಟದ ಹುದ್ದೆಗೆ ಇಂಥ ಉತ್ತರ ಇಷ್ಟವಾಗದ ಕಂಪನಿಗಳೂ ಇವೆ. ಅಲ್ಲಿ ಕೆಲಸ ಸಿಗದಿದ್ದರೆ ನಷ್ಟವೇನಿಲ್ಲ ಎಂದು ನನ್ನ ಲೆಕ್ಕ.

ಇನ್ನು ಊರಿನ ಪ್ರಶ್ನೆಗಳು. ಕಾರವಾರದಲ್ಲಿ ಟ್ರಾಲರ್ ಸಾಲ ಪಡೆದವರು ಜುಲೈ ಕಂತು ಕಟ್ಟಿಲ್ಲ, ಏನು ಮಾಡ್ತೀರಿ? ನೋಟಿಸ್ ಕಳಿಸುತ್ತೇನೆ ಎಂದರೆ ಮುಗಿಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ದಡದಲ್ಲಿ ನಿಂತಿರುತ್ತದೆ, ಕಂತು ಎಲ್ಲಿಂದ ಬರಬೇಕು? ಸಾಲ ಕೊಡುವಾಗಲೇ ಆ ಎರಡು ತಿಂಗಳು ಬಿಟ್ಟು ಕಂತು ಹೊಂದಿಸಬೇಕಿತ್ತು ಎನ್ನುವವರಿಗೆ ಕೆಲಸ ಗೊತ್ತು. ಹಾಗೇ ಶಿರಸಿ, ಸಿದ್ದಾಪುರದಲ್ಲಿ ಅಡಿಕೆ. ಸುಲಿದು ಬೇಯಿಸಿ ಒಣಗಿಸಿದ ‘ರಾಶಿ’ ಅಡಿಕೆ ಬೇಗ ಪೇಟೆಗೆ ಬರುತ್ತದೆ. ಸಿಪ್ಪೆ ಸಮೇತ ಅಂಗಳದಲ್ಲಿ ಬಿಸಿಲು ಕುಡಿಯುವ ‘ಚಾಲಿ’ ಅಡಿಕೆ ತಡ. ದರ ಏರಲಿ ಎಂದು ಮನೆಯಲ್ಲೇ ಇಟ್ಟುಕೊಳ್ಳುವವರೂ ಉಂಟು. ಮಳೆಯಲ್ಲಿ ಕೊಳೆರೋಗ ಬಂದ ವರ್ಷ ಮುಂದಿನ ಬೇಸಿಗೆಯಲ್ಲಿ ಸಾಲ ಮರುಪಾವತಿ ಬಿಗಿಯಾಗುತ್ತದೆ. ಸಂದರ್ಶನದ ಹಿಂದಿನ ವಾರ ಒಂದು ಸಂಜೆ ಅಪ್ಪನ ಜೊತೆ ಕೂತು ಇದನ್ನೆಲ್ಲ ಕೇಳಿಕೊಳ್ಳಿ, ಮಾರಾಯ್ರೆ. ಕೊಂಕಣಿ ಬರುತ್ತಿದ್ದರೆ ಮುಚ್ಚಿಡಬೇಡಿ. ಕರಾವಳಿಯ ಶಾಖೆಗೆ ಅದು ದೊಡ್ಡ ಆಸ್ತಿ.

ಐನೂರು ರೂಪಾಯಿ ಕಡಿಮೆ ಬಂದರೆ?

ನನ್ನ ಮೊದಲ ಸಂದರ್ಶನ ಕೆಟ್ಟಿದ್ದು ಈ ಪ್ರಶ್ನೆಯಲ್ಲಿ. ‘ಸಂಜೆ ಕ್ಯಾಷ್ ಲೆಕ್ಕ ಹಾಕಿದಾಗ 500 ರೂಪಾಯಿ ಕಡಿಮೆ ಇದೆ. ಏನು ಮಾಡ್ತೀರಿ?’ ನಾನು ಎದೆ ಉಬ್ಬಿಸಿ, ‘ನನ್ನ ಜೇಬಿಂದ ಹಾಕಿ ಸರಿ ಮಾಡ್ತೇನೆ ಸರ್’ ಎಂದೆ. ಭಾರೀ ಪ್ರಾಮಾಣಿಕ ಅಂದುಕೊಂಡಿದ್ದೆ. ಅವರು ನಗಲಿಲ್ಲ. ‘ಇವತ್ತು ಸುಮ್ನೆ ಜೇಬಿಂದ ಹಾಕಿದವರು ನಾಳೆ 500 ಜಾಸ್ತಿ ಬಂದರೆ ಸುಮ್ನೆ ಜೇಬಿಗೆ ಹಾಕ್ಕೋಬಹುದಲ್ಲ?’ ಎಂದರು. ಆ ಕೆಲಸ ಸಿಗಲಿಲ್ಲ.

ಸರಿಯಾದ ಉತ್ತರ ಇಷ್ಟೇ. ಮತ್ತೊಮ್ಮೆ ಎಣಿಸುವುದು, ಚಲನ್ ಮತ್ತು ಚೆಕ್ಕುಗಳನ್ನು ಒಂದೊಂದಾಗಿ ತಾಳೆ ನೋಡುವುದು, ಸಿಗದಿದ್ದರೆ ತಕ್ಷಣ ಮೇಲಿನವರಿಗೆ ಹೇಳಿ ದಾಖಲಿಸುವುದು. ತುಂಬಿಕೊಡುವ ಮಾತು ಆಮೇಲೆ. ‘ಪರಿಚಯದವರು ದಾಖಲೆ ಇಲ್ಲದೆ ಖಾತೆ ತೆರೆಸಿ ಎಂದರೆ?’, ‘ಮ್ಯಾನೇಜರ್ ತಮ್ಮ ಪಾಸ್‌ವರ್ಡ್ ಕೊಟ್ಟು ಕೆಲಸ ಮುಗಿಸು ಎಂದರೆ?’ ಇಂಥ ಪ್ರಶ್ನೆಗಳೂ ಇದೇ ಜಾತಿಯವು. ಗೊತ್ತಿಲ್ಲದ್ದು ಕೇಳಿದರೆ ಗೊತ್ತಿಲ್ಲ ಎನ್ನಿ. ಇನ್ನೊಬ್ಬರ ದುಡ್ಡು ಕಾಯುವ ಕೆಲಸದಲ್ಲಿ ಊಹೆ ಹೊಡೆಯುವವರನ್ನು ಕಂಡರೆ ಭಯ.

ನೀವೂ ಕೇಳಿ

ಕೊನೆಗೆ ‘ಏನಾದರೂ ಕೇಳೋದಿದೆಯಾ?’ ಎನ್ನುತ್ತಾರೆ. ಖಾಸಗಿಯಲ್ಲಾದರೆ ಮೂರು ವಿಷಯ ಕೇಳಲೇಬೇಕು. ವರ್ಷದ ಮೊತ್ತದಲ್ಲಿ ಖಾಯಂ ಸಂಬಳ ಎಷ್ಟು, ಇನ್ಸೆಂಟಿವ್ ಎಷ್ಟು? ತಿಂಗಳ ಟಾರ್ಗೆಟ್ ಏನು? ಪೆಟ್ರೋಲ್ ಖರ್ಚು ಯಾರದು? ಯಲ್ಲಾಪುರ, ಜೋಯಿಡಾ ಕಡೆ ಹಾಕಿದರೆ ಒಂದೊಂದು ಮನೆಗೂ ಕಿಲೋಮೀಟರುಗಟ್ಟಲೆ ಓಡಾಟ. ಪೆಟ್ರೋಲಿಗೇ ಸಂಬಳ ಕರಗುತ್ತದೆ.

ಕೆಲವು ಕಡೆ ‘ಮ್ಯಾನೇಜರ್’ ಹುದ್ದೆ ಎಂದು ಕರೆದು, ಸಂದರ್ಶನದಲ್ಲೇ ಬಿಳಿ ಹಾಳೆ ಕೊಟ್ಟು, ಗೊತ್ತಿರುವ ನೂರು ಜನರ ಹೆಸರು, ಫೋನ್ ನಂಬರ್ ಬರೆಯಿರಿ ಎನ್ನುತ್ತಾರೆ. ಅದು ಕಮಿಷನ್ ಮೇಲಿನ ವಿಮಾ ಏಜೆಂಟ್ ಕೆಲಸ. ಕೆಲಸದಲ್ಲಿ ತಪ್ಪೇನಿಲ್ಲ, ಚೆನ್ನಾಗಿ ಮಾಡಿದವರೂ ಇದ್ದಾರೆ. ಆದರೆ ಸಂಬಳ ಇದೆಯಾ ಎಂದು ಬಾಯಿಬಿಟ್ಟು ಕೇಳಿ. ಉತ್ತರ ಬರುವವರೆಗೆ ಅತ್ತೆ, ಚಿಕ್ಕಪ್ಪನ ನಂಬರ್ ಬರೆಯಬೇಡಿ.

ಠೇವಣಿ ಕಟ್ಟಿ, ತರಬೇತಿ ಶುಲ್ಕ ಕಳಿಸಿ ಎಂದು ಯಾರಾದರೂ ಕೇಳಿದರೆ ಅದು ಕೆಲಸವೇ ಅಲ್ಲ. ಆಗಲೇ ಕಳಿಸಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೂಲ ಅಂಕಪಟ್ಟಿ ತೋರಿಸಿ, ಬಿಟ್ಟು ಬರಬೇಡಿ. ಆಯ್ಕೆ ಪತ್ರ ಕೈಗೆ ಬಂದ ಮೇಲೂ ಸಹಿ ಹಾಕುವ ಮುಂಚೆ ಎಷ್ಟು ವರ್ಷದ ಬಾಂಡ್, ಬಿಟ್ಟರೆ ಎಷ್ಟು ಕಟ್ಟಬೇಕು ಎನ್ನುವ ಸಾಲನ್ನು ಹುಡುಕಿ. ಸಾಮಾನ್ಯವಾಗಿ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ.