ಕೈ ತೊಳೆತ ನಿಲ್ಲಲಿಲ್ಲ, ಕೈ ಒಡೆಯುವುದು ನಿಂತಿತು

ಹೆರಿಗೆ ವಾರ್ಡಿನಲ್ಲಿ ಕೈ ತೊಳೆಯುವುದಕ್ಕೆ ಲೆಕ್ಕವೇ ಇರುವುದಿಲ್ಲ. ಬಾಣಂತಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ, ಕೂಸನ್ನು ಎತ್ತಿಕೊಳ್ಳುವ ಮುಂಚೆ, ಸಲೈನ್ ಹಚ್ಚುವ ಮುಂಚೆ, ಗ್ಲೌಸ್ ತೆಗೆದ ಮೇಲೆ. ಇದರಲ್ಲಿ ಒಂದನ್ನೂ ಬಿಡುವ ಹಾಗಿಲ್ಲ. ನಾನು ರಾಯಚೂರಿನಲ್ಲಿ ಸ್ಟಾಫ್ ನರ್ಸ್. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲೇ ಬೆರಳ ಸಂದಿ ಕೆಂಪಾದವು, ಗೆಣ್ಣುಗಳ ಮೇಲೆ ಸಣ್ಣ ಬಿರುಕು ಬಿದ್ದವು. ಊಟಕ್ಕೆ ಕೂತು ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಈಗಲೂ ಅದೇ ವಾರ್ಡು, ಅಷ್ಟೇ ತೊಳೆತ. ಆದರೆ ಕೈ ಒಡೆಯುವುದಿಲ್ಲ.

ಕೈ ಒಡೆಯುವುದು ಬರೀ ಅಂದಚೆಂದದ ಮಾತು ಅಂತ ಯಾರಾದರೂ ಅಂದರೆ ನನಗೆ ಬೇಸರವಾಗುತ್ತದೆ. ಬಿರುಕಿನೊಳಗೆ ರೋಗಾಣು ಸೇರಿಕೊಂಡರೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಉರಿಯುವ ಕೈಯನ್ನು ಮತ್ತೆ ತೊಳೆಯಲು ಮನಸ್ಸೂ ಬರುವುದಿಲ್ಲ, ಅಲ್ವಾ? ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪುತ್ತದೆ. ಅದರ ತೊಂದರೆ ಬಾಣಂತಿಗೆ, ಕೂಸಿಗೆ. ಅದಕ್ಕೇ ಕೈಗೆ ಕ್ರೀಮ್ ಹಚ್ಚುವುದನ್ನು ನಾನು ಡ್ಯೂಟಿಯ ಕೆಲಸ ಅಂತಲೇ ಎಣಿಸುತ್ತೇನೆ.

ಮೊದಲು ನೀರಿನ ವಿಷಯ. ನಮ್ಮದು ಕೃಷ್ಣೆ, ತುಂಗಭದ್ರೆ ಎರಡರ ನಡುವಿನ ಸೀಮೆ. ಆದರೂ ಎಷ್ಟೋ ಕಡೆ ನಲ್ಲಿಯಲ್ಲಿ ಬರುವುದು ಬೋರ್ ನೀರೇ. ಸವುಳು ನೀರು, ಗಡಸು ನೀರು. ನಲ್ಲಿಯ ಬಾಯಿಗೆ, ಸಿಂಕಿನ ಅಂಚಿಗೆ ಬಿಳಿ ಹೊಪ್ಪಳಿಕೆ ಕಟ್ಟಿರುತ್ತದೆ ನೋಡಿ, ಅದೇ ಗುರುತು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ಸೋಪಿನ ಜೊತೆ ಅವು ಸೇರಿದರೆ ನೊರೆ ಬರುವುದಿಲ್ಲ, ಜಿಗುಟು ಕೂರುತ್ತದೆ. ನೊರೆ ಬರಲಿಲ್ಲ ಅಂತ ಇನ್ನಷ್ಟು ಸೋಪು ಹಾಕುತ್ತೇವೆ. ಆ ಜಿಗುಟು ಬೆರಳ ಸಂದಿಯಲ್ಲಿ, ಉಂಗುರದ ಕೆಳಗೆ ಉಳಿದುಬಿಡುತ್ತದೆ. ಮೊದಲು ಕೆಂಪಾಗುವುದು ಅದೇ ಜಾಗ.

ನಮ್ಮ ಚರ್ಮ ಸ್ವಲ್ಪ ಹುಳಿ ಗುಣದ್ದು, ಅದರ ಪಿಎಚ್ (ಹುಳಿ, ಕ್ಷಾರ ಅಳೆಯುವ ಲೆಕ್ಕ, 7ಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ) 5ರ ಆಸುಪಾಸು. ಬಾರ್ ಸೋಪಿನದು 9ರಿಂದ 10. ಕೊಳೆ ಹೋಗುವಾಗ ಚರ್ಮದ ಮೇಲಿನ ಕೊಬ್ಬಿನ ಪದರವನ್ನೂ ಸೋಪು ಎಳೆದುಕೊಂಡು ಹೋಗುತ್ತದೆ. ಬಿಸಿ ನೀರಾದರೆ ಇನ್ನೂ ಬೇಗ. ಆ ಪದರ ಮತ್ತೆ ಕೂಡಿಕೊಳ್ಳಲು ಹೊತ್ತು ಬೇಕು, ನಾವೋ ಅಷ್ಟರಲ್ಲಿ ಇನ್ನೊಮ್ಮೆ ತೊಳೆದಿರುತ್ತೇವೆ. ಮಳೆಗಾಲಕ್ಕೆ ಮುಂಚೆ ಮಣ್ಣಿನ ಮಾಳಿಗೆಗೆ ಮೇಲುಮಣ್ಣು ಹಾಕುತ್ತಾರಲ್ಲ, ಹಾಗೆ ಹೋದದ್ದನ್ನು ನಾವೇ ಮೇಲಿಂದ ಹಾಕಬೇಕು.

ಹಾಗಾಗಿ ಬಾರ್ ಸೋಪು ಬಿಟ್ಟೆ. ಸುವಾಸನೆ ಇಲ್ಲದ, ಮೆತ್ತಗಿನ ಲಿಕ್ವಿಡ್ ಸೋಪು ಸ್ವಲ್ಪವೇ ತೆಗೆದುಕೊಳ್ಳುತ್ತೇನೆ. ಮೊದಲು ಕೈ ಒದ್ದೆ ಮಾಡಿಕೊಂಡು ಆಮೇಲೆ ಸೋಪು, ಒಣ ಕೈಗೆ ನೇರವಾಗಿ ಹಾಕುವುದಿಲ್ಲ. ತಣ್ಣೀರು. ನಮ್ಮ ಬೇಸಿಗೆಯಲ್ಲಿ ಟ್ಯಾಂಕಿನ ನೀರು ತಾನೇ ಕಾದಿರುತ್ತದೆ, ಆಗ ನಲ್ಲಿ ಬಿಟ್ಟು ಕೈ ಸುಡದಷ್ಟು ಆರಿದ ಮೇಲೆ ತೊಳೆಯುತ್ತೇನೆ. ಉಂಗುರ ಮನೆಯಲ್ಲೇ ಬಿಟ್ಟು ಬರುತ್ತೇನೆ. ಒರೆಸುವಾಗ ಉಜ್ಜುವುದಿಲ್ಲ, ಒತ್ತಿ ಒತ್ತಿ ನೀರು ತೆಗೆಯುತ್ತೇನೆ. ಅದಕ್ಕೆಂದೇ ಹಳೆಯ ಹತ್ತಿ ಸೀರೆ ಹರಿದು ಕರವಸ್ತ್ರದಷ್ಟು ತುಂಡು ಮಾಡಿ, ಒಗೆದು ಒಣಗಿಸಿ ಒಂದು ಕಟ್ಟು ತರುತ್ತೇನೆ. ಒಂದು ತುಂಡು ಒಂದೇ ಸಲ. ವಾರ್ಡಿಗೆಲ್ಲ ಒಂದೇ ಟವೆಲ್ ತೂಗುಹಾಕುವ ರೂಢಿ ಎಲ್ಲೇ ಇದ್ದರೂ ನಿಲ್ಲಬೇಕು.

ಇನ್ನು ಹ್ಯಾಂಡ್ ರಬ್, ಅಂದರೆ ನೀರಿಲ್ಲದೆ ಕೈಗೆ ಉಜ್ಜಿಕೊಳ್ಳುವ ಸ್ಯಾನಿಟೈಸರ್. ನನ್ನ ಕೈ ಉಳಿಸಿದ್ದು ಜಾಸ್ತಿ ಇದೇ. ಸ್ಪಿರಿಟ್ ಅಲ್ವಾ, ಇನ್ನಷ್ಟು ಒಣಗಿಸುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಸಂಗತಿ ಉಲ್ಟಾ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳಿಕೊಟ್ಟ ರಬ್ ಪಾಕದಲ್ಲಿ ಶೇಕಡಾ 80 ಎಥನಾಲ್ ಜೊತೆಗೆ ಶೇಕಡಾ 1.45 ಗ್ಲಿಸರಿನ್ ಇರುತ್ತದೆ. ಅದು ಇರುವುದೇ ಕೈ ಒಣಗದಿರಲಿ ಅಂತ. ರಬ್ ಕೊಬ್ಬನ್ನು ಕರಗಿಸಿದರೂ ನೀರಿನ ಜೊತೆ ತೊಳೆದು ಒಯ್ಯುವುದಿಲ್ಲ. ಸೋಪು ಒಯ್ಯುತ್ತದೆ. ಕೈಗೆ ಕಣ್ಣಿಗೆ ಕಾಣುವ ಕೊಳೆ, ರಕ್ತ ಇಲ್ಲದಿದ್ದರೆ ರಬ್ ಸಾಕು, 20ರಿಂದ 30 ಸೆಕೆಂಡ್ ಉಜ್ಜಬೇಕು. ಕೊಳೆ ಇದ್ದರೆ, ಶೌಚಕ್ಕೆ ಹೋಗಿ ಬಂದರೆ, ಬೇಧಿ ಇರುವ ರೋಗಿಯನ್ನು ನೋಡಿದರೆ ಸೋಪು ನೀರೇ ಬೇಕು, 40ರಿಂದ 60 ಸೆಕೆಂಡ್. ಎರಡನ್ನೂ ಒಂದರ ಹಿಂದೊಂದು ಮಾಡಬಾರದು. ತೊಳೆದ ಕೂಡಲೇ ರಬ್ ಹಾಕುವುದು ಸುಮ್ನೆ ಕೈಗೆ ಎರಡು ಪೆಟ್ಟು ಕೊಟ್ಟ ಹಾಗೆ.

ರಬ್ ಹಾಕಿದರೆ ಉರಿಯುತ್ತದೆ ಅಂತ ಹೊಸ ಹುಡುಗಿಯರು ಸೋಪಿಗೆ ಮರಳುತ್ತಾರೆ. ಉರಿಯುವುದು ಚರ್ಮ ಮೊದಲೇ ಒಡೆದಿರುವುದರಿಂದ. ಸೋಪಿಗೆ ಹೋದಷ್ಟೂ ಒಡಕು ಜಾಸ್ತಿ. ನಾಲ್ಕು ದಿನ ಕ್ರೀಮ್ ಸರಿಯಾಗಿ ಹಚ್ಚಿ ನೋಡು, ಉರಿ ಇಳಿಯುತ್ತದೆ ಅಂತ ನಾನು ಹೇಳುತ್ತೇನೆ. ಹೆಚ್ಚಿನವರಿಗೆ ಇಳಿದಿದೆ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಲೇಬೇಕು. ನಾವು ಹಾಕುವ ಗ್ಲೌಸ್ ಆಪರೇಷನ್ ಥಿಯೇಟರಿಗೆ ಬಂದದ್ದೇ ಒಬ್ಬ ನರ್ಸಿನ ಒಡೆದ ಕೈಗಳಿಂದ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1889-90ರ ಚಳಿಗಾಲ. ಆಗ ಕೈಯನ್ನು ಪಾದರಸದ ಲವಣದ ದ್ರಾವಣದಲ್ಲಿ ತೊಳೆಯಬೇಕಿತ್ತು. ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸಿನ ಕೈ, ತೋಳು ಹುಣ್ಣಾದವು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ಆಕೆಗೆ ತೆಳು ರಬ್ಬರ್ ಗ್ಲೌಸ್ ಮಾಡಿಸಿದರು. ರೋಗಿಯನ್ನು ಕಾಯುವುದಕ್ಕೆ ಗ್ಲೌಸ್ ಎಂಬುದು ಆಮೇಲಿನ ಮಾತು. ಇದನ್ನು ಓದಿದಾಗಿನಿಂದ ಕೈಯ ಬಗ್ಗೆ ದೂರು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಆದರೆ ಗ್ಲೌಸ್ ಒಳಗೆ ಬೆವರು ಕಟ್ಟುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುವಾಗ ಕೇಳಬೇಕೇ? ಒದ್ದೆ ಕೈಗೆ ಗ್ಲೌಸ್ ಹಾಕಿದರೆ ಚರ್ಮ ನೆನೆದು ಮೆತ್ತಗಾಗಿ ಆಮೇಲೆ ಬಿರಿಯುತ್ತದೆ. ರಬ್ ಪೂರ್ತಿ ಆರಿದ ಮೇಲೇ ಹಾಕುತ್ತೇನೆ, ಕೆಲಸ ಮುಗಿದ ಕೂಡಲೇ ತೆಗೆಯುತ್ತೇನೆ. ಪುಡಿ ಇಲ್ಲದ ಗ್ಲೌಸ್ ಸಿಕ್ಕರೆ ಅದನ್ನೇ ಆರಿಸುತ್ತೇನೆ.

ಕ್ರೀಮಿಗೆ ದುಡ್ಡು ಸುರಿಯಬೇಕಿಲ್ಲ. ಗ್ಲಿಸರಿನ್ ಇದ್ದು ಸುವಾಸನೆ ಇಲ್ಲದಿದ್ದರೆ ಸಾಕು. ಡಬ್ಬಿ ಬೇಡ, ಟ್ಯೂಬ್ ಇರಲಿ. ಡಬ್ಬಿಗೆ ಎಲ್ಲರೂ ಬೆರಳು ಹಾಕಿದರೆ ಅದೇ ಸೋಂಕಿನ ಮನೆ. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅಷ್ಟು ಒಂದು ಕೈಗೆ, ಹಿಂದೆ ಮುಂದೆ ಸೇರಿ. ಅಂಗೈಗೆ ಹಚ್ಚಿ ಬಿಡುವವರೇ ಜಾಸ್ತಿ. ಒಡೆಯುವುದು ಕೈ ಹಿಂಭಾಗ, ಬೆರಳ ಸಂದಿ, ಉಗುರ ಸುತ್ತ. ಹಚ್ಚಬೇಕಾದದ್ದು ಅಲ್ಲಿ. ಡ್ಯೂಟಿಗೆ ಬಂದಾಗ, ಚಹಾಕ್ಕೆ ಕೂತಾಗ, ಊಟ ಆದ ಮೇಲೆ, ಮನೆಗೆ ಹೊರಡುವಾಗ ಹಚ್ಚುತ್ತೇನೆ. ಪೆಟ್ರೋಲಿಯಂ ಜೆಲ್ಲಿ ಡ್ಯೂಟಿಯಲ್ಲಿ ಬೇಡವೇ ಬೇಡ, ಅದು ಲ್ಯಾಟೆಕ್ಸ್ (ರಬ್ಬರ್ ಹಾಲಿನಿಂದ ಮಾಡಿದ) ಗ್ಲೌಸಿನ ಬಲ ಕುಂದಿಸುತ್ತದೆ. ಅದರ ಜಾಗ ರಾತ್ರಿ. ಮಲಗುವ ಮುಂಚೆ ಜೆಲ್ಲಿ ಅಥವಾ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಹಚ್ಚಿ ಮೇಲೆ ಕೈಗೇ ಹತ್ತಿಯ ಕಾಲುಚೀಲ ಹಾಕಿಕೊಳ್ಳುತ್ತೇನೆ. ಕಾರ್ತಿಕದಿಂದ ಸಂಕ್ರಾಂತಿ ಆಚೆಯವರೆಗೆ ಒಣ ಗಾಳಿ ಬೀಸುವಾಗ ಇದನ್ನು ತಪ್ಪಿಸುವುದಿಲ್ಲ.

ಆಸ್ಪತ್ರೆಯಲ್ಲಿ ಇಷ್ಟೆಲ್ಲ ಮಾಡಿ ಮನೆಗೆ ಬಂದು ಬರಿಗೈಯಲ್ಲಿ ಪಾತ್ರೆ ತಿಕ್ಕಿದರೆ ಎಲ್ಲ ನೀರು ಪಾಲು. ಪಾತ್ರೆಗೆ, ಬಟ್ಟೆಗೆ ರಬ್ಬರ್ ಗ್ಲೌಸ್, ಒಳಗೆ ಹತ್ತಿಯದು. ಅವ್ವನಿಗೆ ಮೊದಲು ಇದು ವಿಚಿತ್ರ ಅನ್ನಿಸಿತು, ಈಗ ಮೆಣಸಿನಕಾಯಿ ತುಂಬು ಮುರಿಯುವಾಗ ಅವಳೂ ಹಾಕಿಕೊಳ್ಳುತ್ತಾಳೆ.

ಎರಡು ವಿಷಯಕ್ಕೆ ಮಾತ್ರ ಖಂಡಿತ ಬೇಡ ಅನ್ನುತ್ತೇನೆ. ನಿಂಬೆಹಣ್ಣು ಉಜ್ಜುವುದು ಒಂದು. ಬಿರುಕಿಗೆ ಉರಿ ಆಗುವುದಲ್ಲದೆ, ನಿಂಬೆ ರಸ ಹಚ್ಚಿದ ಕೈ ಬಿಸಿಲಿಗೆ ಬಿದ್ದರೆ ಸುಟ್ಟ ಹಾಗೆ ಕಪ್ಪು ಕಲೆ ಏಳಬಹುದು. ಇನ್ನೊಂದು, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ, ಕ್ಲೊಬೆಟಸಾಲ್ ಎಂಬ ಜೋರು ಸ್ಟೆರಾಯ್ಡ್ ಬೆರೆತ ಕ್ರೀಮು. ಮೊದಲು ಬೇಗ ವಾಸಿಯಾದಂತೆ ಕಾಣುತ್ತದೆ, ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ. ಸ್ಟೆರಾಯ್ಡ್ ಬೇಕಾದರೆ ಚರ್ಮದ ಡಾಕ್ಟರು ಎಷ್ಟು ದಿನ ಅಂತ ಹೇಳಿ ಬರೆದುಕೊಡಲಿ.

ನೀರುಗುಳ್ಳೆ ಎದ್ದರೆ, ಕೀವು ಕಂಡರೆ, ಎರಡು ವಾರ ಇದೆಲ್ಲ ಮಾಡಿಯೂ ಮಾಯದಿದ್ದರೆ ಹೇಗೂ ಚರ್ಮದ ಡಾಕ್ಟರ ಹತ್ತಿರ ಹೋಗಬೇಕು. ಗ್ಲೌಸ್ ಹಾಕಿದ ಸ್ವಲ್ಪ ಹೊತ್ತಿಗೇ ತುರಿಕೆ, ಗಂಧೆ ಎದ್ದರೆ ಅದು ಒಣಗುವಿಕೆಯಲ್ಲ, ಲ್ಯಾಟೆಕ್ಸ್ ಅಲರ್ಜಿ ಇರಬಹುದು. ಅದು ಉಸಿರಾಟಕ್ಕೂ ಏರಬಲ್ಲದು, ತಡ ಮಾಡಬಾರದು. ನಮ್ಮ ಜೊತೆಯ ಒಬ್ಬ ಸಿಸ್ಟರ್ ತಿಂಗಳುಗಟ್ಟಲೆ ಸೋಪು ಬದಲಾಯಿಸುತ್ತಾ ಕಳೆದರು. ಪರೀಕ್ಷೆಯಲ್ಲಿ ಲ್ಯಾಟೆಕ್ಸ್ ಅಂತ ತಿಳಿಯಿತು. ಲ್ಯಾಟೆಕ್ಸ್ ಇಲ್ಲದ ನೈಟ್ರೈಲ್ ಗ್ಲೌಸ್ ತರಿಸಿಕೊಟ್ಟ ಮೇಲೆ ಅವರ ಕೈ ಮಾಯಿತು, ಲೇಬರ್ ರೂಮಿನ ಡ್ಯೂಟಿಯನ್ನೂ ಬಿಡಬೇಕಾಗಲಿಲ್ಲ.